ಜಮೀಲಾ ಆಂಟಿ ಕೇಬಲ್ ಕೀಳಲಿಲ್ಲ

ಕೈಯಲ್ಲಿ ಹಿಡಿದು ನೋಡಿ ಹೇಳುತ್ತೇನೆ ಎನ್ನುವವರ ಮೇಲೆ ನನಗೆ ನಂಬಿಕೆ ಇರಲಿಲ್ಲ. ನಮ್ಮ ಕಡೆ ಬೋರು ಕೊರೆಸುವ ಮುಂಚೆ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರಿನ ಸೆಲೆ ಹುಡುಕುತ್ತ ಹೊಲ ಸುತ್ತುವವರಿದ್ದಾರೆ. ಅವರನ್ನು ಕಂಡಾಗ ನಾನು ಸುಮ್ಮನಿರುತ್ತಿದ್ದೆ. ವಾದ ಮಾಡುವ ಸ್ವಭಾವ ನನ್ನದಲ್ಲ. ಓದಿದ್ದು ಭೌತಶಾಸ್ತ್ರ. ಅಳೆದದ್ದನ್ನು ಆಗಲೇ ಬರೆದಿಡುವುದು ಅಭ್ಯಾಸ. ಈ ಸಂಗತಿಯನ್ನು ಇದುವರೆಗೆ ಮನೆಯ ಹೊರಗೆ ಯಾರಿಗೂ ಹೇಳಿಲ್ಲ. ನೀವು ನಂಬಬೇಕೆಂದೂ ಬರೆಯುತ್ತಿಲ್ಲ.

ಕಡೂರು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಜಮೀಲಾ ಆಂಟಿಯ ಜೆರಾಕ್ಸ್ ಅಂಗಡಿ ಇದೆ. ಒಂದು ಹಳೆಯ ಕಂಪ್ಯೂಟರು, ಒಂದು ಪ್ರಿಂಟರು. ಜನ ಫೋನಿನಲ್ಲಿ ತಂದ ಫೋಟೊ, ಅರ್ಜಿ, ಆಧಾರ್ ಎಲ್ಲವನ್ನೂ ಅವರು ಕೇಬಲ್ ಹಾಕಿ ಇಳಿಸಿಕೊಳ್ಳುತ್ತಾರೆ. ಆದರೆ ಜೋಡಿಸಿದ ಫೋನನ್ನು ತಟ್ಟನೆ ಕೀಳುವುದಿಲ್ಲ. ತೆರೆದ ಫೋಲ್ಡರುಗಳನ್ನು ಒಂದೊಂದಾಗಿ ಮುಚ್ಚಿ, ಎಜೆಕ್ಟ್ ಒತ್ತಿ, ಇನ್ನು ತೆಗೆಯಬಹುದು ಎಂದು ಪರದೆ ಹೇಳಿದ ಮೇಲೂ ಕೇಬಲನ್ನು ಎರಡು ಬೆರಳಲ್ಲಿ ಹಿಡಿದು ಸ್ವಲ್ಪ ಹೊತ್ತು ಕೂರುತ್ತಾರೆ.

"ಆಂಟಿ, ನಾಡಿ ನೋಡ್ತಿದೀರಾ? ಜ್ವರ ಎಷ್ಟೈತೆ ಹೇಳ್ರೀ, ನನ್ ಬಸ್ ಹೊಂಟೋಯ್ತದೆ" ಎಂದು ಒಬ್ಬ ರೇಗಿಸಿದ್ದು ನೆನಪಿದೆ.

"ನಿನ್ ಮದ್ವೆ ಫೋಟೊ ಅರ್ಧ ಬಂದ್ರೆ ನಿನ್ ಹೆಂಡ್ತಿ ಒಬ್ಳೇ ನಿಂತಿರ್ತಾಳೆ ಕಣೋ. ಪರ್ವಾಗಿಲ್ವಾ?" ಎಂದರು ಆಂಟಿ, ತಲೆ ಎತ್ತದೆ.

ಇಡೀ ಅಂಗಡಿ ನಕ್ಕಿತು. ನಾನೂ ನಕ್ಕೆ. ಅವರ ಕೈಯಲ್ಲಿ ಒಬ್ಬರ ಫೈಲೂ ಕೆಟ್ಟದ್ದನ್ನು ನಾನು ಕೇಳಿಲ್ಲ. ಅದು ತಾಳ್ಮೆಯ ಫಲ ಎಂದುಕೊಂಡಿದ್ದೆ.

ನನ್ನ ತಾಯಿಯ ತವರು ಯಗಟಿ. ಅಲ್ಲಿ ಅಜ್ಜಿ ಮತ್ತು ಸೋದರಮಾವ ಕುರಿ ಸಾಕುತ್ತಾರೆ. ಸಂಜೆ ಅಜ್ಜಿ ಕುರಿ ಕೂಡುವ ರೊಪ್ಪದ ಬಾಯಲ್ಲಿ ನಿಂತು ಒಂದು ಉದ್ದನೆಯ ದನಿ ತೆಗೆದರೆ ಬಯಲಲ್ಲಿ ಹರಡಿದ ಹಿಂಡು ತಾನಾಗಿ ಒಳಗೆ ಬರುತ್ತಿತ್ತು. ಎಲ್ಲ ಬಂದವು ಎಂದು ಕಂಡರೂ ಅಜ್ಜಿ ಬಾಗಿಲಿನ ತಡಿಕೆ ಹಾಕಲು ಬಿಡುತ್ತಿರಲಿಲ್ಲ. ಮತ್ತೊಮ್ಮೆ ತಗ್ಗಿದ ದನಿಯಲ್ಲಿ, ಹತ್ತಿರದವರನ್ನು ಕರೆಯುವಂತೆ ಕರೆಯುತ್ತಿದ್ದಳು. ಹಿಂದೆ ಉಳಿದವಕ್ಕಾಗಿ ಆ ಕರೆ. ಮನೆಯವರು ಅದನ್ನು 'ಕೊನೇದು' ಎನ್ನುತ್ತಾರೆ.

ಒಂದು ರಜೆಯಲ್ಲಿ ನಾನು ಅಜ್ಜಿಯ ಕರೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದ್ದೆ. ಕುರಿಗಳು ಒಳಗಾದವೆಂದು ನಿಲ್ಲಿಸಿಬಿಟ್ಟೆ.

"ಅಷ್ಟಕ್ಕೇ ನಿಲ್ಸಿಬಿಟ್ಯೇನೇ? ಕೊನೇದು ಇನ್ನೂ ಕೂಗಿಲ್ವಲ್ಲೇ" ಎಂದಳು ಅಜ್ಜಿ.

"ಸಾಕು ಬಿಡಜ್ಜಿ, ಗೊತ್ತಾಯ್ತು" ಎಂದೆ. ಆ ಮಾತು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅವತ್ತೇ ಪುಸ್ತಕದಲ್ಲಿ ಬರೆದಿಟ್ಟೆ: 'ಅಜ್ಜಿ, ಕುರಿ ಕರೆ. ಮೂವತ್ತೆಂಟು ಸೆಕೆಂಡು. ಕೊನೇದು ಇಲ್ಲ.'

ಕಳೆದ ವರ್ಷ ಅಜ್ಜಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಮಾತು ಹೋಯಿತು. ಮಾವ ಎಷ್ಟು ಕೂಗಿದರೂ ಕುರಿಗಳು ಬರಲಿಲ್ಲ. ದಿನಾ ಸಂಜೆ ಬೆನ್ನಟ್ಟಿ ಹಿಡಿಯಬೇಕು. ಹೊರಗೆ ಉಳಿದ ಎರಡನ್ನು ಚಿರತೆ ಒಯ್ದಿತು. ಅಜ್ಜಿ ಹಾಸಿಗೆಯಿಂದ ಇದನ್ನೆಲ್ಲ ನೋಡುತ್ತ ಊಟ ಕಡಿಮೆ ಮಾಡಿದಳು. "ಇನ್ನೊಂದು ವಾರ ನೋಡ್ತೀನಿ ಕಣಮ್ಮ. ಆಗ್ಲಿಲ್ಲ ಅಂದ್ರೆ ಎಲ್ಲಾ ಮಾರ್ಬಿಡ್ತೀನಿ" ಎಂದ ಮಾವ ಫೋನಿನಲ್ಲಿ. ಹಿಂಡು ಹೋದರೆ ಅಜ್ಜಿಯೂ ಉಳಿಯುವುದಿಲ್ಲ ಎಂದು ನನಗೆ ಅನಿಸಿತು. ಆಗ ಆ ರೆಕಾರ್ಡಿಂಗ್ ನೆನಪಾಯಿತು.

ಹಳೆಯ ಫೋನು ತರೀಕೆರೆಯ ನನ್ನ ಕೋಣೆಯಲ್ಲಿತ್ತು. ಪರದೆಯ ಕೆಳಗಿನ ಅರ್ಧ ಸತ್ತಿತ್ತು, ಬ್ಯಾಟರಿ ಉಬ್ಬಿತ್ತು. ಮಧ್ಯಾಹ್ನ ಕಡೂರಿಗೆ ತಂದು ಆಂಟಿಯ ಮುಂದಿಟ್ಟೆ. ಕಂಪ್ಯೂಟರಿಗೆ ಫೈಲು ಬಿಡಬೇಕಾದರೆ ಫೋನಿನಲ್ಲೇ ಒಪ್ಪಿಗೆ ಒತ್ತಬೇಕು. ಆ ಗುಂಡಿ ಸತ್ತ ಭಾಗದಲ್ಲಿತ್ತು. ಆಂಟಿ ಫೋನನ್ನು ಅಡ್ಡ ತಿರುಗಿಸಿದರು, ಮತ್ತೆ ತಲೆಕೆಳಗು ಮಾಡಿದರು. ಪರದೆಯ ಚಿತ್ರ ತಿರುಗಿ ಗುಂಡಿ ಬದುಕಿದ್ದ ಭಾಗಕ್ಕೆ ಬಂತು. ಅಷ್ಟು ಸರಳವಾದದ್ದು ನನಗೆ ಹೊಳೆದಿರಲಿಲ್ಲ.

ಫೈಲು ಕಣ್ಣು ಮಿಟುಕಿಸುವಷ್ಟರಲ್ಲಿ ಇಳಿಯಿತು. ನಾನೇ ನೋಡಿದೆ: ಮೂವತ್ತೆಂಟು ಸೆಕೆಂಡು. ಒಮ್ಮೆ ಹಾಕಿ ಪೂರ್ತಿ ಕೇಳಿಯೂ ನೋಡಿದೆ. ಆಂಟಿ ಎಲ್ಲ ಮುಚ್ಚಿ ಎಜೆಕ್ಟ್ ಒತ್ತಿದರು. ತೆಗೆಯಬಹುದು ಎಂದು ಬಂತು. ಆಂಟಿ ಕೇಬಲ್ ಹಿಡಿದರು, ಆದರೆ ಕೀಳಲಿಲ್ಲ.

"ಆಯ್ತಲ್ಲ ಆಂಟಿ."

"ಠೈರೋ, ತಡಿ. ಇನ್ನೂ ಬತ್ತಾ ಐತೆ."

"ಒಂದೇ ಫೈಲು ಆಂಟಿ. ಬಂದಾಯ್ತು, ಅಷ್ಟು ಸಾಕು."

ಅವರು ಕೇಬಲ್ ಮೇಲಿನ ಬೆರಳು ತೆಗೆಯಲಿಲ್ಲ. ಹೊರಗೆ ಯಗಟಿಯ ಬಸ್ಸು ಹಾರ್ನ್ ಹೊಡೆದು ಹೊರಟುಹೋಯಿತು. ಜೆರಾಕ್ಸಿಗೆ ಬಂದ ಇಬ್ಬರನ್ನು ಕಣ್ಣಲ್ಲೇ ಕೂರಿಸಿದರು. ಹತ್ತು ನಿಮಿಷವಾದರೂ ಆಗಿರಬೇಕು. ಕೊನೆಗೆ ಬೆರಳು ಸಡಿಲಿಸಿ, "ಈಗ ಬಂತು" ಎಂದು ಮೆಲ್ಲಗೆ ಕಿತ್ತರು. ಆಮೇಲೆ ಫೈಲನ್ನು ನನ್ನ ಹೊಸ ಫೋನಿಗೆ ಹಾಕಿಕೊಟ್ಟರು. ನನಗೆ ಬಸ್ಸು ತಪ್ಪಿದ ಸಿಟ್ಟು. ಮತ್ತೆ ತೆರೆದು ನೋಡಲಿಲ್ಲ.

ಯಗಟಿ ತಲುಪಿದಾಗ ಬಿಸಿಲು ಇಳಿಯುತ್ತಿತ್ತು. ಅಜ್ಜಿಯ ಮಂಚವನ್ನು ಜಗಲಿಗೆ ತಂದಿದ್ದರು. ಮಾವನ ಬ್ಲೂಟೂತ್ ಸ್ಪೀಕರನ್ನು ರೊಪ್ಪದ ಕಂಬಕ್ಕೆ ಕಟ್ಟಿ ರೆಕಾರ್ಡಿಂಗ್ ಹಾಕಿದೆವು. ಅಜ್ಜಿಯ ದನಿ ಬಯಲಿಗೆ ಹೋಯಿತು. ಕುರಿಗಳು ತಲೆ ಎತ್ತಿದವು. ಮುಂದಿನದು ತಿರುಗಿತು, ಉಳಿದವು ಅದರ ಹಿಂದೆ ಬಂದವು. ಮಾವ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡ.

"ಎಲ್ಲಾ ಬಂದ್ವು" ಎಂದು ಅವನು ತಡಿಕೆಗೆ ಕೈ ಹಾಕಿದ. ದನಿ ನಿಂತಿತ್ತು. ನಾನು ಫೋನ್ ಆರಿಸಲು ಹೋದೆ.

ಆಗ ಸ್ಪೀಕರಿನಿಂದ ಅಜ್ಜಿಯ ತಗ್ಗಿದ ದನಿ ಬಂತು. ಕೊನೇದು.

ಮಾವನ ಕೈ ಅಲ್ಲೇ ನಿಂತಿತು. ಬದುವಿನ ಹಿಂದಿನಿಂದ ಒಂದು ಕುಂಟ ಕುರಿ ಎದ್ದು, ಅವಸರವಿಲ್ಲದೆ ನಡೆದುಬಂದು ಒಳಗೆ ಸೇರಿತು. ತಿರುಗಿ ನೋಡಿದೆ. ಅಜ್ಜಿ ಸ್ವಾಧೀನದಲ್ಲಿದ್ದ ಕೈ ಎತ್ತಿ, ಇನ್ನು ತಡಿಕೆ ಹಾಕು ಎಂದು ಸನ್ನೆ ಮಾಡಿದಳು. ಆ ಸಂಜೆ ಒಂದು ಮುದ್ದೆ ಪೂರ್ತಿ ಉಂಡಳು.

ಫೋನಿನಲ್ಲಿ ನೋಡಿದರೆ ಫೈಲು ಐವತ್ತೊಂದು ಸೆಕೆಂಡು ಇತ್ತು.

ಮರುವಾರ ಕಡೂರಿಗೆ ಹೋದೆ. ಆಂಟಿಯ ಕಂಪ್ಯೂಟರಿನಲ್ಲೂ ಐವತ್ತೊಂದೇ. ಹಳೆಯ ಫೋನು ಆ ಮಧ್ಯಾಹ್ನದ ನಂತರ ಆನ್ ಆಗಲೇ ಇಲ್ಲ. ಅದರಲ್ಲಿ ಎಷ್ಟಿತ್ತೆಂದು ನೋಡುವ ದಾರಿಯಿಲ್ಲ. ಅವತ್ತು ಏನಾಯಿತು ಎಂದು ಆಂಟಿಯನ್ನು ಕೇಳಿದೆ. ಅವರು ಯಾರದೋ ಪಹಣಿಯನ್ನು ಜೆರಾಕ್ಸ್ ಯಂತ್ರಕ್ಕೆ ಹಾಕುತ್ತಿದ್ದರು.

"ನನ್ಗೇನ್ ಗೊತ್ತಮ್ಮ? ನೀನು ಸಾಕು ಅಂದೆ, ಅದು ಅನ್ಲಿಲ್ಲ. ಕಾದೆ, ಅಷ್ಟೇ."

ಫೈಲು ತಡವಾಗಿ ಪೂರ್ಣವಾಯಿತು ಎಂದುಕೊಳ್ಳೋಣವೆಂದರೆ, ನಾನು ರೆಕಾರ್ಡ್ ಮಾಡದೇ ಇದ್ದದ್ದು ಅದರೊಳಗೆ ಹೇಗೆ ಬಂತು? ನಿಲ್ಲಿಸಿದ್ದೇನೆಂದು ತಪ್ಪು ತಿಳಿದಿದ್ದೆನೇ ಎಂದೂ ಯೋಚಿಸಿದೆ. ಹಾಗಿದ್ದರೆ 'ನಿಲ್ಸಿಬಿಟ್ಯೇನೇ' ಎಂದು ಅಜ್ಜಿ ಬೈದ ಮಾತೂ ನಡುವೆ ಕೇಳಬೇಕಿತ್ತು. ಅದಿಲ್ಲ.

ಈಗ ನಾನೂ ಫೋನು ಕಳಚುವ ಮುಂಚೆ ಕೇಬಲನ್ನು ಎರಡು ಬೆರಳಲ್ಲಿ ಹಿಡಿದು ಕೂರುತ್ತೇನೆ, ಯಾರೂ ಇಲ್ಲದಾಗ. ಇದುವರೆಗೆ ಬೆರಳಿಗೆ ಏನೂ ತಿಳಿದಿಲ್ಲ. ಪುಸ್ತಕದಲ್ಲಿ ಆ ಸಾಲು ಹಾಗೇ ಇದೆ: 'ಮೂವತ್ತೆಂಟು ಸೆಕೆಂಡು. ಕೊನೇದು ಇಲ್ಲ.' ಅದನ್ನು ತಿದ್ದಿಲ್ಲ. ಬರೆದ ದಿನ ಅದು ಸರಿಯಾಗಿತ್ತು.