ಮುಟ್ಟದೆ ಎತ್ತಿಟ್ಟ ಪಾಲು

ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯಲ್ಲಿ ಸೈಟೊಕೈನ್‌ಗಳ, ಎಂದರೆ ರೋಗನಿರೋಧಕ ಕೋಶಗಳು ಒಂದಕ್ಕೊಂದು ಕಳುಹಿಸುವ ಸಂದೇಶದ ಅಣುಗಳ, ಪಾತ್ರವೇನೆಂದು ಮೂವತ್ತನಾಲ್ಕು ವರ್ಷ ಬೆನ್ನುಹತ್ತಿದ ನಮ್ಮ ಪ್ರಾಧ್ಯಾಪಕಿ ಮೇಡಂ ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಕಾಯಿಲೆ ತಂದ ಹೊಗೆ ತೊಲಗಿದ ಮೇಲೂ ಈ ಅಣುಗಳು ಕೋಶಗಳನ್ನು ಕರೆಯುತ್ತಲೇ ಇರುತ್ತವೆ, ಕಾಪಾಡಲು ಬಂದವರೇ ಮನೆ ಕೆಡಿಸುತ್ತಾರೆ ಎಂದು ಅವರು ಮಾಡಿದ ಪಾಠವನ್ನು ಕೇಳಿದ ಯಾರೂ ಪರೀಕ್ಷೆಯಲ್ಲಿ ಆ ಪ್ರಶ್ನೆ ಬಿಟ್ಟುಬಂದದ್ದಿಲ್ಲ.

ಸಂಶೋಧನೆಗೆ ಸೇರಿದ ಮೊದಲ ದಿನವೇ ಅವರ ಒಂದು ಪದ್ಧತಿ ಕಂಡು ನನಗೆ ನಗು ಬಂದಿತ್ತು. ರೋಗಿಯ ಕಫ ಬಂದೊಡನೆ, ಏನನ್ನೂ ಬೆರೆಸುವ ಮುನ್ನ, ಅದರಲ್ಲಿ ಒಂದಿಷ್ಟನ್ನು ಪುಟ್ಟ ಸೀಸೆಗೆ ಹಾಕಿ, "ಮುಟ್ಟಬೇಡಿ" ಎಂಬ ಚೀಟಿ ಅಂಟಿಸಿ, ಫ್ರೀಜರಿನ ಕೆಳಗಿನ ಖಾನೆಯಲ್ಲಿಡುತ್ತಿದ್ದರು. ಜಾಗಕ್ಕಾಗಿ ಒದ್ದಾಡುತ್ತಿದ್ದ ನಾವು ಅದಕ್ಕೆ "ಅಜ್ಜಿಯ ಪೆಟ್ಟಿಗೆ" ಎಂದು ಹೆಸರಿಟ್ಟಿದ್ದೆವು.

ಕಫ ಕೊಡುವವರೂ ಅವರನ್ನು ಹಚ್ಚಿಕೊಂಡಿದ್ದರು. ನಲವತ್ತು ವರ್ಷ ಒಲೆಯ ಹೊಗೆ ಕುಡಿದ ಬೇಕರಿಯ ಯಜಮಾನರೊಬ್ಬರು, "ನಾನು ಕೆಮ್ಮಿದ್ರೆ ಮನೇಲಿ ಎಲ್ರೂ ಎದ್ದು ಹೋಗ್ತಾರೆ, ನೀವೊಬ್ರು ಡಬ್ಬಿ ಹಿಡ್ಕೊಂಡು ಓಡಿ ಬರ್ತೀರಲ್ಲಮ್ಮಾ!" ಎಂದು ಉಬ್ಬಸದ ನಡುವೆಯೂ ನಗುತ್ತಿದ್ದರು.

ಮೂರನೆಯ ವರ್ಷ ನನ್ನ ಅತಿಬುದ್ಧಿ ಕೆಲಸ ಮಾಡಿತು. ಕಫ ಅಂಟಂಟಾಗಿದೆಯೆಂದು ಅದನ್ನು ತೆಳುಗೊಳಿಸುವ ದ್ರಾವಣವನ್ನು ದುಪ್ಪಟ್ಟು ಸುರಿದೆ. ಅದು ಅಣುಗಳ ಆಕಾರವನ್ನೇ ಮುರಿಯಿತು, ಪರೀಕ್ಷೆಗೆ ಅವುಗಳ ಗುರುತೇ ಸಿಗಲಿಲ್ಲ. ಎಪ್ಪತ್ತೆರಡು ರೋಗಿಗಳ ಫಲಿತಾಂಶವೂ ಸೊನ್ನೆ. ಅವರೆಲ್ಲರೂ ಆಗಲೇ ಹೊಸ ಔಷಧ ಆರಂಭಿಸಿದ್ದರಿಂದ ಔಷಧಕ್ಕೆ ಮುಂಚಿನ ಕಫ ಮತ್ತೆ ಸಿಗುವಂತಿರಲಿಲ್ಲ. ಪ್ರಬಂಧ ಒಪ್ಪಿಸಲು ಉಳಿದಿದ್ದದ್ದು ಆರೇ ವಾರ. ಮೇಡಂ ಮುಂದೆ ನಿಂತು ಎಲ್ಲವನ್ನೂ ಹೇಳಿ ಗೊಳೋ ಎಂದು ಅತ್ತೆ.

"ಅತ್ತು ಮುಗೀತಾ? ಮುಖ ತೊಳ್ಕೊಂಡು ಬಾ, ಕೆಳಗಿನ ಖಾನೆ ತೆಗಿ," ಎಂದರು. ಎಪ್ಪತ್ತೆರಡು ಸೀಸೆಗಳೂ ಅಲ್ಲಿದ್ದವು. "ನಿನ್ನ ವಯಸ್ಸಲ್ಲಿ ನಾನೂ ಇದೇ ಜಾಣತನ ಮಾಡಿದ್ದೆ ಕಣೇ. ನನಗೆ ಎತ್ತಿಟ್ಟೋರು ಯಾರೂ ಇರ್ಲಿಲ್ಲ."

ಮುಂದಿನ ಮೂರು ವಾರ ಅವರು ಪಕ್ಕದಲ್ಲೇ ಕುಳಿತು, ಬರೀ ಉಪ್ಪುನೀರಿನಲ್ಲಿ ಒಂದೊಂದನ್ನೂ ನನ್ನೊಡನೆ ಕಲಕಿದರು. ಯಂತ್ರದಲ್ಲಿ ಮೊದಲು ಸೊನ್ನೆ ದಾಟಿ ಅಂಕಿ ಏರಿದ್ದು ಬೇಕರಿಯವರ ಕಫದ್ದು. ಸುದ್ದಿ ತಿಳಿದ ಅವರು, "ನನ್ನ ಕಫ ಫಸ್ಟ್ ಕ್ಲಾಸು!" ಎಂದು ವಾರ್ಡಿನಲ್ಲೆಲ್ಲ ಹೇಳಿಕೊಂಡು ಬಂದರು.

ಇಂದು ಆ ಫ್ರೀಜರಿನ ಬೀಗದಕೈ ನನ್ನ ಬಳಿಯಿದೆ. ನಮ್ಮ ತಪ್ಪುಗಳಿಗೆಂದೇ ಜೀವನವಿಡೀ ಒಂದು ಪಾಲು ಎತ್ತಿಟ್ಟ ಮೇಡಂ ನೂರ್ಕಾಲ ಬಾಳಲಿ, ಬರೆಯಲಿ, ಬೈಯಲಿ. ಆದರೆ ಇನ್ನು ಮುಂದೆ ಪ್ರತಿದಿನದ ಮೊದಲ ಪಾಲನ್ನು ತಮಗೆಂದೇ ಎತ್ತಿಟ್ಟುಕೊಳ್ಳಲಿ. ಅದನ್ನು ನಾವ್ಯಾರೂ ಮುಟ್ಟುವುದಿಲ್ಲ.