ರವಿವಾರದ ಬೈಠಕ್ ನಡೆಯುತ್ತದೆ, ಕಾಶಿನಾಥಣ್ಣ

ಇಲ್ಲ… ಇದು ಸುಳ್ಳು ಸುದ್ದಿ ಇರಬೇಕು.
ಬೆಳಿಗ್ಗೆ ಫೋನ್ ಬಂದಾಗ ಹಾಗೇ ಬೈದು ಕಟ್ ಮಾಡಿದೆ.
ಮತ್ತೆ ಬಂತು… ಮತ್ತೆ ಬಂತು…
ಕಾಶಿನಾಥಣ್ಣ ಇನ್ನಿಲ್ಲವಂತೆ. ಹಾರ್ಟ್ ಅಟ್ಯಾಕ್.
ನಿನ್ನೆ ಸಂಜೆ ತಾನೇ ಫೋನಿನಲ್ಲಿ ಜಗಳ ಆಡಿದ್ದೆವಲ್ಲ! ಬೈಠಕ್ಕಿಗೆ ಹಾಸುವ ಜಮಖಾನೆ ಒಗೆಸಬೇಕೋ ಬೇಡವೋ ಅಂತ…

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ನಾನು ಸಲೀಂ. ಹುಮನಾಬಾದಿನಲ್ಲಿ ಟೈರ್ ಅಂಗಡಿ, ಸಂಜೆಯಾದರೆ ತಬಲಾ.
ಕಾಶಿನಾಥಣ್ಣ ಬಸವಕಲ್ಯಾಣದವರು. ಹಾರ್ಮೋನಿಯಂ ಅಂದರೆ ಪ್ರಾಣ.
ಎರಡೂ ಊರು ಸೇರಿಸಿ ನಮ್ಮ ಸಣ್ಣ ಸಂಗೀತ ಮಂಡಳಿ ಕಟ್ಟಿದವರು ಅವರೇ.
ಒಂದು ಬೈಠಕ್ ಅಲ್ಲಿ ಯಾರದೋ ಮನೆಯಲ್ಲಿ, ಮುಂದಿನದು ಇಲ್ಲಿ.
ಸ್ಟೇಜ್ ಇಲ್ಲ. ಮೈಕ್ ಇಲ್ಲ. ಚೀಫ್ ಗೆಸ್ಟ್ ಅಂತೂ ಇಲ್ಲವೇ ಇಲ್ಲ.
ಹಾಡುವವರ ಮೊಣಕಾಲು ತಾಗುವಷ್ಟು ಹತ್ತಿರ ಕುಳಿತು ಕೇಳಬೇಕು…

ಒಮ್ಮೆ ಒಬ್ಬ ಲೀಡರ್ ಶಾಲು, ಹಾರ, ಫೋಟೋಗ್ರಾಫರ್ ಸಮೇತ ಬಂದರು.
"ಕುಂದರ್ರಿ ಸಾಹೇಬ್ರ, ಕೇಳ್ರಿ. ಭಾಷಣಕ್ಕ ಊರ ತುಂಬ ಜಾಗ ಅದ" ಅಂದರು ಅಣ್ಣ.
ಪಾಪ, ಆ ಮನುಷ್ಯ ಭೈರವಿ ಮುಗಿಯುವ ತನಕ ಮಿಸುಕಲಿಲ್ಲ. ಮುಂದಿನ ಬೈಠಕ್ಕಿಗೆ ಹಾರ ಬಿಟ್ಟು ಬಂದರು.

ಅಣ್ಣಾ…
ಹೊಸ ಸೀಸನ್ನಿನ ಮೊದಲ ಬೈಠಕ್ ಈ ರವಿವಾರ, ನಿನ್ನದೇ ಮನೆಯಲ್ಲಿ.
ಸೊಲ್ಲಾಪುರದ ಗಾಯಕಿ ಬರುವವರು. ಹಾರ್ಮೋನಿಯಂ ನೀನು, ತಬಲಾ ನಾನು.
ಹೀಗೆ ನಡುವೆ ಎದ್ದು ಹೋಗುವುದು ಅಂದರೆ ಏನು?
ಖ್ಯಾಲ್ ಗಾಯನ ನಡೆದಾಗ ಯಾರಾದರೂ ಎದ್ದರೆ ಕಣ್ಣು ಕೆಕ್ಕರಿಸುತ್ತಿದ್ದವನು ನೀನೇ ಅಲ್ಲವಾ?
ಸಿಟ್ಟು ಬಂದಿದೆ ನಿನ್ನ ಮೇಲೆ… ಬಹಳ ಸಿಟ್ಟು.

ಮಧ್ಯಾಹ್ನ ಬಂದೆ. ವಿಭೂತಿ ಹಚ್ಚಿ ಪಡಸಾಲೆಯಲ್ಲಿ ನಿನ್ನನ್ನು ಕೂಡಿಸಿದ್ದರು. ಮುಂದೆ ಭಜನೆ ನಡೆದಿತ್ತು.
ಅಷ್ಟರಲ್ಲೇ ನಮ್ಮ ಗ್ರೂಪಿನಲ್ಲಿ ಮೆಸೇಜ್ ಶುರು…
ಸೀಸನ್ ಕ್ಯಾನ್ಸಲ್ ಮಾಡೋಣ. ಬದಲಿಗೆ ಫಂಕ್ಷನ್ ಹಾಲಿನಲ್ಲಿ ಶ್ರದ್ಧಾಂಜಲಿ ಸಭೆ. ಸ್ಟೇಜ್, ಬ್ಯಾನರ್, ಭಾಷಣ!
ಯಾರ ಹೆಸರಿನಲ್ಲಿ ಏನು ಮಾಡಲು ಹೊರಟಿದ್ದೀರಿ ಅನ್ನುವ ಖಬರಾದರೂ ಬೇಡವೇನ್ರೀ?
ಮೊದಲ ಬೈಠಕ್ ಬಿದ್ದರೆ ಮಂಡಳಿಯೂ ಬೀಳುತ್ತದೆ. ಮೈಕ್ ಬೇಕು ಅನ್ನುವವರು ಅದನ್ನೇ ಕಾಯುತ್ತಿದ್ದಾರೆ.

ಆದರೆ ಸಾವಿನ ಮನೆಯಲ್ಲಿ ಇದನ್ನು ಕೇಳುವುದು ಹೇಗೆ? ಮೂಲೆ ಹಿಡಿದು ಕುಳಿತೆ.
ನಿನ್ನ ಹೆಂಡತಿ, ನಮ್ಮ ಸುಮಿತ್ರಾ ವೈನಿಯೇ ಕರೆದರು.
"ಸಲೀಂ ಭಾಯಿ, ರವಿವಾರ ಬರ್ತೀರಿಲ್ಲ?"
ನಾನು ಬಾಯಿ ತೆರೆಯುವ ಮೊದಲೇ ನಿನ್ನ ಕಾಕಾ ಎದ್ದು ನಿಂತರು.
"ಏನ್ ಮಾತಾಡಾಕತ್ತಿ ಸುಮಿತ್ರಾ? ಸೂತಕದ ಮನ್ಯಾಗ ಗಾನಾ-ಬಜಾನಾ?"
ವೈನಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ದನಿ ಮಾತ್ರ ನಡುಗಲಿಲ್ಲ.
"ಕಲ್ಯಾಣದಾಗ ಹುಟ್ಟಿ, ಕೊರಳಾಗ ಲಿಂಗ ಕಟ್ಕೊಂಡು ಸೂತಕ ಅಂತೀರೇನ್ರಿ ಕಾಕಾ? ನಮ್ಮ ಶರಣರು ಅದನ್ನ ಯಾವಾಗೋ ಹೊರಗ ಹಾಕ್ಯಾರ. ಈಗ ಅವರ ಮುಂದ ಭಜನಿ ನಡದದ. ಖ್ಯಾಲ್ ಯಾಕ ನಡ್ಯಂಗಿಲ್ಲ?"
ಭಜನೆಯವರೇ ತಾಳ ಕೆಳಗಿಟ್ಟು ವೈನಿಯತ್ತ ತಿರುಗಿದರು.
ಕಾಕಾ ಬಿಡಲಿಲ್ಲ.
"ಆಯ್ತವಾ, ಪೇಟಿ ಯಾರ್ ನುಡಸ್ತಾರ? ನುಡಸಾಂವ ಹೋದ!"
"ನಾ ನುಡಸ್ತೀನಿ."

ವೈನಿಗೆ ಹಾರ್ಮೋನಿಯಂ ಬರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ನೀವಿಬ್ಬರೂ ಒಬ್ಬರೇ ಗುರುಗಳ ಹತ್ತಿರ ಕಲಿತವರು.
ಆದರೆ ಮದುವೆಯಾದ ಮೇಲೆ ಪೇಟಿ ನಿನ್ನ ಮುಂದೆ… ಬೈಠಕ್ಕಿಗೆ ಬಂದವರಿಗೆಲ್ಲ ಚಹಾ ಮಾಡುವ ಒಲೆ ಅವರ ಮುಂದೆ.
ಇದಕ್ಕೂ ನಿನ್ನ ಮೇಲೆ ಸಿಟ್ಟಿದೆ ಅಣ್ಣಾ. ಈಗ ಹೇಳುತ್ತಿದ್ದೇನೆ, ಕೇಳಿಸಿಕೋ.

ಆದ್ದರಿಂದ ಎಲ್ಲರಿಗೂ ತಿಳಿಸುವುದೇನೆಂದರೆ…
ಏನೂ ಕ್ಯಾನ್ಸಲ್ ಆಗಿಲ್ಲ.
ರವಿವಾರ ಸಂಜೆ ಅಣ್ಣನ ಮನೆಯಲ್ಲೇ ಬೈಠಕ್. ಗಾಯಕಿಗೆ ಫೋನ್ ಮಾಡಿದೆ. ಅತ್ತರು… ಬರುತ್ತೇನೆ ಅಂದರು.
ತಬಲಾ ನಾನು. ಹಾರ್ಮೋನಿಯಂ ಸುಮಿತ್ರಾ ವೈನಿ.
"ಗಂಡ ಹೋದ ವಾರದಲ್ಲೇ ಹೆಣ್ಣುಮಗಳು…" ಅಂತ ಅನ್ನುವವರು ಅನ್ನಲಿ. ಬಂದು, ಮುಂದಿನ ಸಾಲಿನಲ್ಲಿ ಕುಳಿತು, ಕೇಳಿ, ಆಮೇಲೆ ಅನ್ನಲಿ.
ಮತ್ತೆ… ದಯವಿಟ್ಟು ಮನೆಯಲ್ಲೇ ಚಹಾ ಕುಡಿದು ಬನ್ನಿ.
ಮಾಡುವವರು ಅವತ್ತು ಪೇಟಿ ಮುಂದೆ ಕುಳಿತಿರುತ್ತಾರೆ.

ಅಣ್ಣಾ, ನಿನ್ನ ಜೀವ ಬಯಲಿನಲ್ಲಿ ತಣ್ಣಗಿರಲಿ…
ನಮಗೆ ಮಾತ್ರ ಸುಮ್ಮನಿರಿ ಅನ್ನಬೇಡ.