ಜಯಕ್ಕನ ಪ್ರೆಸ್ಸು, ನನ್ನ ಹನ್ನೊಂದು ಸಾಲು

ಕೋವಿಡ್ ಮುಗಿದ ಮರುವರ್ಷ. ತಗಡಿನ ಬಿಡಿಭಾಗ ಮಾಡುವ ಪೀಣ್ಯದ ಒಂದು ಪ್ರೆಸ್ ಶಾಪಿನ ಟೈಮ್ ಆಫೀಸಿನಲ್ಲಿ ನಾನು ಸಹಾಯಕಿ. ಹಾಜರಿ, ರಜೆ, ಆಸ್ಪತ್ರೆಯ ಕಾಗದಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಓದಿದ್ದು ಬಿ.ಕಾಂ.; ವೈದ್ಯಕೀಯದ ಬಗ್ಗೆ ಗೊತ್ತಿದ್ದುದೆಲ್ಲ ಮೊಬೈಲಿನಲ್ಲಿ ನಾನೇ ಹುಡುಕಿ ಓದಿಕೊಂಡದ್ದು. ಯಾರಿಗೆ ಯಾವ ರಿಪೋರ್ಟ್ ಬಂದರೂ ಊಟದ ಹೊತ್ತಿಗೆ ಅದು ನನ್ನ ಮೇಜಿಗೆ ಬರುತ್ತಿತ್ತು. ನನಗದು ಹೆಮ್ಮೆ.

ಜಯಕ್ಕ ನಾಗಸಂದ್ರದ ಹಳೇ ಊರಿನವರು. ಹದಿನಾಲ್ಕು ವರ್ಷದಿಂದ ಒಂದೇ ಹ್ಯಾಂಡ್ ಪ್ರೆಸ್. ಬಲಗೈಯಿಂದ ಹಿಡಿ ಎಳೆದರೆ ತಗಡಿಗೆ ತೂತು ಬೀಳುತ್ತದೆ, ದಿನವಿಡೀ ಅದೇ. ಆ ವರ್ಷ ಅವರ ಬಲ ಸ್ತನದಲ್ಲಿ ಗಂಟು ಕಂಡಿತು. ಕ್ಯಾನ್ಸರ್.

ಸರ್ಜನ್ ಎರಡು ದಾರಿ ಹೇಳಿದ್ದರು. ಲಂಪೆಕ್ಟಮಿ ಅಂದರೆ ಗಂಟನ್ನೂ ಅದರ ಸುತ್ತಲಿನ ಸ್ವಲ್ಪ ಭಾಗವನ್ನೂ ತೆಗೆದು ಸ್ತನ ಉಳಿಸುವುದು, ಆಮೇಲೆ ಕೆಲವು ವಾರ ದಿನಾ ರೇಡಿಯೇಶನ್. ಮಾಸ್ಟೆಕ್ಟಮಿ ಅಂದರೆ ಇಡೀ ಸ್ತನ ತೆಗೆಯುವುದು. ನಿಮ್ಮ ಮಟ್ಟಿಗೆ ಜೀವ ಉಳಿಯುವ ಸಾಧ್ಯತೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ, ಆಯ್ಕೆ ನಿಮ್ಮದು ಅಂದಿದ್ದರಂತೆ. ಕಂಕುಳಿನ ಗ್ರಂಥಿಗಳ ಪರೀಕ್ಷೆ ಮಾತ್ರ ಎರಡರಲ್ಲೂ ಇದ್ದೇ ಇತ್ತು.

ಜಯಕ್ಕನಿಗೆ ಸ್ತನ ಉಳಿಸಿಕೊಳ್ಳುವ ಆಸೆ. ಅದನ್ನು ಹೇಳುವಾಗ ತಲೆ ತಗ್ಗಿಸಿದರು. ಈ ವಯಸ್ಸಿನಲ್ಲಿ ಯಾಕೆ ಎಂದು ನಗಬೇಡ ಅಂದರು. ಭಯವಿದ್ದದ್ದು ರೇಡಿಯೇಶನ್ನಿನದು. ಅಷ್ಟು ವಾರ ಬಾರದಿದ್ದರೆ ಸೂಪರ್‌ವೈಸರ್ ಅವರ ಪ್ರೆಸ್ಸನ್ನು ಬೇರೆಯವರಿಗೆ ಕೊಟ್ಟುಬಿಡುತ್ತಿದ್ದರು.

ನಾನು ಎಕ್ಸೆಲ್ ತೆರೆದೆ. ಎರಡು ಕಾಲಂ, ಹನ್ನೊಂದು ಸಾಲು. ಮಾಸ್ಟೆಕ್ಟಮಿಯ ಕೆಳಗೆ, ರೇಡಿಯೇಶನ್ ಎಂಬ ಸಾಲಿನಲ್ಲಿ ‘ಬೇಡ’ ಎಂದು ಟೈಪ್ ಮಾಡಿದೆ. ಗ್ರಂಥಿಗಳ ರಿಪೋರ್ಟ್ ನೋಡಿ ತೀರ್ಮಾನ ಎಂದು ಸರ್ಜನ್ ಚೀಟಿಯಲ್ಲಿ ಬರೆದಿದ್ದರು. ಅಷ್ಟುದ್ದದ ಮಾತು ಚೌಕದೊಳಗೆ ಹಿಡಿಸಲಿಲ್ಲ. ನಾನು ಓದಿದ್ದರಲ್ಲೂ ‘ಸಾಮಾನ್ಯವಾಗಿ ಬೇಡ’ ಎಂದಿತ್ತು. ಮೊದಲ ಪದ ಬಿಟ್ಟೆ.

ಜಯಕ್ಕ ಆ ಚೌಕದ ಮೇಲೆ ಬೆರಳಿಟ್ಟರು. “ಇದು ಖಂಡಿತಾನಾ?”

“ಹೂಂ ಅಕ್ಕ, ಎಲ್ಲಾ ಕಡೆ ನೋಡ್ದೆ.”

“ಅಂಗಾದ್ರೆ ತೆಗ್ದೇಬಿಡ್ಲಿ. ಮಗೀಗೆ ಹಾಲು ಕುಡ್ಸೋ ಕೆಲ್ಸ ಮುಗ್ದೈತೆ, ಪ್ರೆಸ್ಸಿನ ಕೆಲ್ಸ ಮುಗ್ದಿಲ್ಲ.”

ಮಾಸ್ಟೆಕ್ಟಮಿ ಆಯಿತು. ಕಂಕುಳಿನ ಗ್ರಂಥಿಗಳಿಗೂ ರೋಗ ಹರಡಿದೆ ಎಂದು ರಿಪೋರ್ಟ್ ಬಂತು. ಅವನ್ನೂ ತೆಗೆದರು. ಆಮೇಲೆ ಕೀಮೋ, ಅದಾದ ಮೇಲೆ ರೇಡಿಯೇಶನ್. ಯಾವುದನ್ನು ತಪ್ಪಿಸಿಕೊಳ್ಳಲು ಸ್ತನ ಕೊಟ್ಟರೋ ಅದೇ ಬಂದು ನಿಂತಿತು. ಕೆಲವು ತಿಂಗಳಲ್ಲಿ ಬಲಗೈ ಊದಿತು. ಕಂಕುಳಿನ ಗ್ರಂಥಿಗಳು ಹೋದರೆ ಕೆಲವರಿಗೆ ಹೀಗೆ ತೋಳಿನಲ್ಲಿ ನೀರು ನಿಲ್ಲುತ್ತದೆ, ಲಿಂಫೆಡೀಮ ಅನ್ನುತ್ತಾರೆ. ನನ್ನ ಹನ್ನೊಂದು ಸಾಲುಗಳಲ್ಲಿ ಕೈ ಎಂಬ ಸಾಲೇ ಇರಲಿಲ್ಲ.

ನಮ್ಮಲ್ಲಿ ಆಯುಧಪೂಜೆಯ ದಿನ ಯಾರ ಮೆಷಿನ್ನಿಗೆ ಅವರೇ ಪೂಜೆ ಮಾಡುವುದು. ಜಯಕ್ಕ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು, ಊದಿದ ಕೈಗೆ ಊತ ತಡೆಯುವ ಬಿಗಿಯಾದ ತೋಳುಗವಸು ಹಾಕಿಕೊಂಡು ಬಂದರು. ಪ್ರೆಸ್ಸಿಗೆ ಆಗಲೇ ಕುಂಕುಮ ಬಿದ್ದಿತ್ತು. ಹೊಸಬಳೊಬ್ಬಳು ಹೂ ಸುತ್ತುತ್ತಿದ್ದಳು. ಜಯಕ್ಕನನ್ನು ನೋಡಿ ಅವಳು ಪಕ್ಕಕ್ಕೆ ಸರಿದಳು. ಜಯಕ್ಕ ಹಿಡಿಯನ್ನು ಎಡಗೈಯಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಂಡು ನನ್ನ ಮೇಜಿಗೆ ಬಂದರು.

ತಪ್ಪು ಬರೆದೆ ಅಕ್ಕ ಅಂದೆ.

“ಬರ್ದಿದ್ದು ಬಿಡವ್ವ,” ಅಂದರು. “ಖಂಡಿತಾನಾ ಅಂತ ಕೇಳ್ದೆ ನೋಡು, ಆಗ ಗೊತ್ತಿಲ್ಲ ಅಂದಿದ್ರೆ ನಾನು ಡಾಕ್ಟ್ರನ್ನ ಇನ್ನೊಂದ್ಸಲ ಕೇಳ್ತಿದ್ದೆ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

ಈಗಲೂ ಪಟ್ಟಿ ಮಾಡಿಕೊಡುತ್ತೇನೆ. ಅದರಲ್ಲಿ ಉತ್ತರಗಳಿರುವುದಿಲ್ಲ, ಡಾಕ್ಟರನ್ನು ಕೇಳಬೇಕಾದ ಪ್ರಶ್ನೆಗಳು ಮಾತ್ರ. ಮೊದಲನೆಯದು: ನಾನು ಈ ಕೈಯಲ್ಲಿ ಇಂಥ ಕೆಲಸ ಮಾಡುತ್ತೇನೆ, ಆಮೇಲೆ ಮಾಡಲಾಗುತ್ತದೆಯೇ? ಗೊತ್ತಿಲ್ಲ ಅನ್ನುವುದನ್ನು ಈ ಕೆಲಸ ನನಗೆ ತಡವಾಗಿ ಕಲಿಸಿತು.

ಜಯಕ್ಕ ಪ್ಯಾಕಿಂಗಿನಲ್ಲಿದ್ದಾರೆ, ಎಡಗೈಯಲ್ಲಿ ಲೇಬಲ್ ಅಂಟಿಸುತ್ತಾರೆ. ಎದುರು ಸಿಕ್ಕರೆ ಮಾತಾಡಿಸುತ್ತಾರೆ. ತಮ್ಮ ಹೊಸ ರಿಪೋರ್ಟ್ ಬಂದಾಗ ಮಾತ್ರ ಅದನ್ನು ಹಿಡಿದು ನನ್ನ ಮೇಜು ದಾಟಿ, ಡಾಕ್ಟರನ್ನೇ ಕೇಳಲು ಗೇಟಿನ ಕಡೆ ಹೋಗುತ್ತಾರೆ.